ಪ್ರೋಟಾನ್ ಚಿಕಿತ್ಸೆ: ರೋಗಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಟಾನ್ ಚಿಕಿತ್ಸೆ ಎಂದರೇನು? ಸಾಮಾನ್ಯ ರೇಡಿಯೇಶನ್‌ಗಿಂತ ಅದು ಹೇಗೆ ಬೇರೆ?

ಪ್ರೋಟಾನ್ ಚಿಕಿತ್ಸೆ ವಿಕಿರಣ ಚಿಕಿತ್ಸೆಯದೇ ಒಂದು ಬಗೆ. ಆಸ್ಪತ್ರೆಗಳಲ್ಲಿ ರೇಡಿಯೇಶನ್ ಎಂದೂ ಆಡುಮಾತಿನಲ್ಲಿ ಕರೆಂಟ್ ಕೊಡುವುದು ಎಂದೂ ಹೇಳುವ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಲೀನಿಯರ್ ಆಕ್ಸಲರೇಟರ್ ಯಂತ್ರದಿಂದ ಹೊರಡುವ ಹೆಚ್ಚು ಶಕ್ತಿಯ ಎಕ್ಸ್-ಕಿರಣಗಳು. ಪ್ರೋಟಾನ್ ಚಿಕಿತ್ಸೆಯಲ್ಲಿ ಅವುಗಳ ಬದಲು ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್ ಆದ ಪ್ರೋಟಾನುಗಳನ್ನು ಸೈಕ್ಲೋಟ್ರಾನ್ ಅಥವಾ ಸಿಂಕ್ರೋಟ್ರಾನ್ ಯಂತ್ರದಲ್ಲಿ ಬೆಳಕಿನ ವೇಗದ ಸುಮಾರು ಶೇ 60ರವರೆಗೆ ಏರಿಸಿ, ಕಾಂತಗಳ ಮೂಲಕ ಗಡ್ಡೆಯತ್ತ ತಿರುಗಿಸುತ್ತಾರೆ.

ಎರಡರ ನಡುವಿನ ವ್ಯತ್ಯಾಸವಿರುವುದು ಅವು ಮೈಯೊಳಗೆ ಶಕ್ತಿಯನ್ನು ಎಲ್ಲಿ ಬಿಡುತ್ತವೆ ಎಂಬುದರಲ್ಲಿ. ಎಕ್ಸ್-ಕಿರಣವು ಚರ್ಮದಿಂದ ಒಂದೆರಡು ಸೆಂಟಿಮೀಟರ್ ಒಳಗೆ ತನ್ನ ಗರಿಷ್ಠ ಪ್ರಮಾಣವನ್ನು ಮುಟ್ಟಿ, ಆಮೇಲೆ ನಿಧಾನವಾಗಿ ಕುಗ್ಗುತ್ತ ಗಡ್ಡೆಯನ್ನು ದಾಟಿ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ಹಾಗಲ್ಲ, ವೇಗವಾಗಿರುವಾಗ ಸ್ವಲ್ಪವೇ ಶಕ್ತಿಯನ್ನು ಬಿಟ್ಟುಕೊಟ್ಟು, ವೇಗ ತಗ್ಗಿದಂತೆಲ್ಲ ಹೆಚ್ಚು ಹೆಚ್ಚು ಬಿಡುತ್ತ, ನಿಲ್ಲುವ ಮುನ್ನ ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸುರಿದು ಅಲ್ಲಿಯೇ ನಿಲ್ಲುತ್ತದೆ. ಈ ಏರಿಕೆಯನ್ನು ಬ್ರಾಗ್ ಶೃಂಗ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಹೆನ್ರಿ ಬ್ರಾಗ್ ಇದನ್ನು ಆಲ್ಫಾ ಕಣಗಳಲ್ಲಿ ಗುರುತಿಸಿದ್ದರು. ಪ್ರೋಟಾನ್ ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕು ಎಂಬುದನ್ನು ಅದರ ಶಕ್ತಿಯನ್ನು ಹೊಂದಿಸಿ ನಿರ್ಧರಿಸಬಹುದು: 70 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್ ನೀರಿನಲ್ಲಿ ಸುಮಾರು 4 ಸೆಂಟಿಮೀಟರ್ ಚಲಿಸಿದರೆ, 230 ಮಿಲಿಯನ್‌ನದು ಸುಮಾರು 33 ಸೆಂಟಿಮೀಟರ್ ಚಲಿಸುತ್ತದೆ.

ಹಾಗಾದರೆ ಪ್ರೋಟಾನ್ ಕ್ಯಾನ್ಸರ್ ಕೋಶಗಳನ್ನು ಹೆಚ್ಚು ಬಲವಾಗಿ ಕೊಲ್ಲುತ್ತದೆಯೇ?

ಇಲ್ಲ ಎನ್ನಬಹುದು. ಒಂದೇ ಪ್ರಮಾಣದ ಎಕ್ಸ್-ಕಿರಣಕ್ಕೆ ಹೋಲಿಸಿದರೆ ಪ್ರೋಟಾನಿನ ಜೈವಿಕ ಪರಿಣಾಮ ಸುಮಾರು 1.1 ಪಟ್ಟು ಎಂದು ಜಗತ್ತಿನ ಎಲ್ಲ ಕೇಂದ್ರಗಳೂ ಲೆಕ್ಕ ಹಿಡಿಯುತ್ತವೆ ಮತ್ತು ಆ ಶೇ 10ರ ವ್ಯತ್ಯಾಸವನ್ನು ಡೋಸ್ ನಿಗದಿಪಡಿಸುವಾಗಲೇ ಕಳೆಯುತ್ತವೆ. ಆದ್ದರಿಂದ ಗಡ್ಡೆಗೆ ಸಿಗುವ ಪೆಟ್ಟು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಪ್ರೋಟಾನಿನ ಲಾಭವೆಲ್ಲ ಗಡ್ಡೆಯ ಸುತ್ತಲಿನ, ಅದರಲ್ಲೂ ಹಿಂದಿರುವ ಆರೋಗ್ಯವಂತ ಅಂಗಗಳು ಪಾರಾಗುವುದರಲ್ಲಿದೆ. ಈ ಒಂದು ವಿಷಯ ಸ್ಪಷ್ಟವಾದರೆ ಮುಂದಿನ ಅನೇಕ ಪ್ರಶ್ನೆಗಳು ಅರ್ಧ ಬಗೆಹರಿದಂತೆಯೇ. ಜಾಹೀರಾತುಗಳಲ್ಲಿ ಕಾಣುವ ‘ಹೆಚ್ಚು ಶಕ್ತಿಶಾಲಿ ಚಿಕಿತ್ಸೆ’ ಎಂಬ ಮಾತು ಇದನ್ನೇ ಮರೆಮಾಚುತ್ತದೆ. ಕೆಲವು ಗಡ್ಡೆಗಳಲ್ಲಿ ಸುತ್ತಲಿನ ಅಂಗ ಪಾರಾಗುವುದರಿಂದಲೇ ಗಡ್ಡೆಗೆ ಹೆಚ್ಚು ಡೋಸ್ ಕೊಡಲು ಸಾಧ್ಯವಾಗುತ್ತದೆ ಎಂಬುದು ನಿಜ. ಅದು ಬೇರೆ ಮಾತು.

ಇದು ಇನ್ನೂ ಪ್ರಯೋಗದ ಹಂತದಲ್ಲಿರುವ ಚಿಕಿತ್ಸೆಯೇ?

ಅಲ್ಲ. ಪ್ರೋಟಾನುಗಳನ್ನು ಚಿಕಿತ್ಸೆಗೆ ಬಳಸಬಹುದೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಸೂಚಿಸಿದ್ದು 1946ರಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆದದ್ದು 1954ರಲ್ಲಿ. ಆದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಅದು ಭೌತವಿಜ್ಞಾನದ ಪ್ರಯೋಗಾಲಯಗಳ ಯಂತ್ರಗಳನ್ನು ಎರವಲು ಪಡೆದು ನಡೆಯುವ ಚಿಕಿತ್ಸೆಯಾಗಿಯೇ ಉಳಿದಿತ್ತು. ಆಸ್ಪತ್ರೆಯೊಳಗೇ ಕಟ್ಟಿದ ಮೊದಲ ಕೇಂದ್ರ ಕ್ಯಾಲಿಫೋರ್ನಿಯಾದ ಲೋಮ ಲಿಂಡಾದಲ್ಲಿ 1990ರಲ್ಲಿ ಆರಂಭವಾಯಿತು. ಈಗ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಕೇಂದ್ರಗಳಿವೆ.

ಯಾವ ಕ್ಯಾನ್ಸರ್‌ಗಳಲ್ಲಿ ಇದರಿಂದ ಖಚಿತವಾದ ಉಪಯೋಗವಿದೆ?

ತಲೆಬುರುಡೆಯ ತಳದಲ್ಲಿ ಬೆಳೆಯುವ ಕಾರ್ಡೋಮ ಮತ್ತು ಕಾಂಡ್ರೋಸಾರ್ಕೋಮ ಗಡ್ಡೆಗಳು ಒಳ್ಳೆಯ ಉದಾಹರಣೆ. ಇವನ್ನು ಹತೋಟಿಗೆ ತರಲು ಸಾಮಾನ್ಯವಾಗಿ 70 ಗ್ರೇ (ಅಂಗಾಂಶ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ಅಥವಾ ಅದಕ್ಕೂ ಹೆಚ್ಚಿನ ವಿಕಿರಣ ಪ್ರಮಾಣ ಬೇಕು. ಆದರೆ ಗಡ್ಡೆಗೆ ಅಂಟಿಕೊಂಡಂತಿರುವ ಮಿದುಳುಕಾಂಡವೂ ದೃಷ್ಟಿನರಗಳೂ 54ರಿಂದ 60 ಗ್ರೇ ದಾಟಿದರೆ ತಾಳಲಾರವು. ಕೆಲವೇ ಮಿಲಿಮೀಟರ್ ಅಂತರದಲ್ಲಿ ಡೋಸ್ ಕಡಿದಂತೆ ಇಳಿಯಬೇಕಾದ ಇಂಥ ಕಡೆ ಪ್ರೋಟಾನ್ ತನ್ನ ಬೆಲೆಯನ್ನು ತೋರಿಸುತ್ತದೆ.

ಕಣ್ಣಿನೊಳಗೆ ಬೆಳೆಯುವ ಮೆಲನೋಮ ಎಂಬ ಕ್ಯಾನ್ಸರ್ ಇನ್ನೊಂದು. ಇದರಲ್ಲಿ ಶಸ್ತ್ರವೈದ್ಯರು ಮೊದಲು ಕಣ್ಣುಗುಡ್ಡೆಯ ಹೊರಮೈಗೆ ಟ್ಯಾಂಟಲಮ್ ಲೋಹದ ಪುಟ್ಟ ಗುರುತುಗಳನ್ನು ಹೊಲಿದಿರುತ್ತಾರೆ. ಎಕ್ಸ್-ರೇಯಲ್ಲಿ ಕಾಣುವ ಆ ಗುರುತುಗಳನ್ನು ನೋಡಿಕೊಂಡು, ರೋಗಿ ಒಂದು ಸಣ್ಣ ದೀಪವನ್ನು ದಿಟ್ಟಿಸುತ್ತಿರುವಾಗ ಕಿರಣ ಬಿಡುತ್ತಾರೆ. ನಾಲ್ಕೈದು ದಿನಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ ಮತ್ತು ಶೇ 90ಕ್ಕೂ ಹೆಚ್ಚು ರೋಗಿಗಳಲ್ಲಿ ಗಡ್ಡೆ ಮತ್ತೆ ಬೆಳೆಯುವುದಿಲ್ಲ. ದೃಷ್ಟಿ ಎಷ್ಟು ಉಳಿಯುತ್ತದೆ ಎಂಬುದು ಮಾತ್ರ ಗಡ್ಡೆ ಕಣ್ಣಿನ ನರಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಹಿಂದೆ ಒಮ್ಮೆ ರೇಡಿಯೇಶನ್ ಪಡೆದ ಜಾಗದಲ್ಲಿಯೇ ರೋಗ ಮರುಕಳಿಸಿದಾಗ, ಬೆನ್ನುಹುರಿಗೆ ತಾಗಿದ ಗಡ್ಡೆಗಳಲ್ಲಿ, ಯಕೃತ್ತು ಮತ್ತು ಅನ್ನನಾಳದ ಆಯ್ದ ಪ್ರಕರಣಗಳಲ್ಲಿಯೂ ಇದನ್ನು ಪರಿಗಣಿಸುತ್ತಾರೆ.

ಮಕ್ಕಳ ವಿಷಯದಲ್ಲಿ ಪ್ರೋಟಾನ್‌ಗೆ ಅಷ್ಟೊಂದು ಒತ್ತು ಏಕೆ?

ಮಗುವಿನ ಅಂಗಗಳು ಇನ್ನೂ ಬೆಳೆಯುತ್ತಿರುತ್ತವೆ, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಇಂದು ಸಣ್ಣ ಪ್ರಮಾಣದಲ್ಲಿ ಬೇರೆ ಅಂಗಕ್ಕೆ ತಾಗಿದ ವಿಕಿರಣ ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಹೃದಯದ ತೊಂದರೆಯಾಗಿಯೋ, ಹಾರ್ಮೋನಿನ ಕೊರತೆಯಾಗಿಯೋ, ಎರಡನೆಯ ಕ್ಯಾನ್ಸರ್ ಆಗಿಯೋ ಕಾಣಿಸಿಕೊಳ್ಳಬಹುದು. ಎಪ್ಪತ್ತರ ವಯಸ್ಸಿನವರಲ್ಲಿ ಗಣನೆಗೆ ಬಾರದ ಆ ಅಪಾಯ ಏಳು ವರ್ಷದ ಮಗುವಿನಲ್ಲಿ ಚಿಕಿತ್ಸೆಯ ಆಯ್ಕೆಯನ್ನೇ ಬದಲಿಸುವಷ್ಟು ದೊಡ್ಡದು.

ಮೆಡುಲ್ಲೋಬ್ಲಾಸ್ಟೋಮ ಎಂಬ ಕಿರುಮಿದುಳಿನ ಗಡ್ಡೆಯನ್ನು ತೆಗೆದುಕೊಳ್ಳೋಣ. ಶಸ್ತ್ರಚಿಕಿತ್ಸೆಯ ನಂತರ, ರೋಗಕೋಶಗಳು ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿ ಹರಡಿರಬಹುದೆಂಬ ಕಾರಣಕ್ಕೆ ಇಡೀ ಮಿದುಳಿಗೂ ಬೆನ್ನುಹುರಿಯ ಉದ್ದಕ್ಕೂ ವಿಕಿರಣ ಕೊಡಬೇಕಾಗುತ್ತದೆ. ಸಾಮಾನ್ಯ ಅಪಾಯದ ಗುಂಪಿನ ಮಗುವಿಗೆ ಇದು 23.4 ಗ್ರೇ, ಬಳಿಕ ಗಡ್ಡೆಯಿದ್ದ ಜಾಗಕ್ಕೆ ಮಾತ್ರ ಒಟ್ಟು 54 ಗ್ರೇವರೆಗೆ, ದಿನಕ್ಕೆ 1.8 ಗ್ರೇಯಂತೆ 30 ಸಲ. ಎಕ್ಸ್-ಕಿರಣದಲ್ಲಿ ಇದನ್ನು ಕೊಟ್ಟಾಗ ಬೆನ್ನಿನಿಂದ ಒಳಹೊಕ್ಕ ಕಿರಣ ಬೆನ್ನುಹುರಿಯನ್ನು ದಾಟಿ ಥೈರಾಯ್ಡ್, ಹೃದಯ, ಕರುಳು, ಹೆಣ್ಣುಮಕ್ಕಳಲ್ಲಿ ಅಂಡಾಶಯದವರೆಗೂ ತಲುಪುತ್ತದೆ. ಪ್ರೋಟಾನ್ ಬೆನ್ನುಮೂಳೆಯ ಮುಂಭಾಗದಲ್ಲಿಯೇ ನಿಲ್ಲುತ್ತದೆ. ಎರಡೂ ಚಿಕಿತ್ಸೆಗಳ ಯೋಜನೆಯ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದಾಗ, ವಿಕಿರಣವನ್ನು ಸೂಚಿಸುವ ಬಣ್ಣ ಒಂದರಲ್ಲಿ ಎದೆ ಹೊಟ್ಟೆಗಳ ತುಂಬ ಹರಡಿದ್ದು ಇನ್ನೊಂದರಲ್ಲಿ ಬೆನ್ನಿನ ಉದ್ದಕ್ಕೂ ಒಂದು ಪಟ್ಟಿಯಾಗಿ ನಿಂತಿರುವುದು ಯಾರಿಗಾದರೂ ಕಾಣುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಬೇಕೆಂದರೆ ಬೆನ್ನುಮೂಳೆಯ ಅರ್ಧದಲ್ಲಿಯೇ ಕಿರಣವನ್ನು ನಿಲ್ಲಿಸಬಹುದು. ಆದರೂ ಬೆಳೆಯುವ ಮಕ್ಕಳಲ್ಲಿ ಮೂಳೆಯ ಪ್ರತಿಯೊಂದು ಮಣಿಯನ್ನೂ ಪೂರ್ತಿಯಾಗಿ ವಿಕಿರಣದ ವ್ಯಾಪ್ತಿಗೆ ಸೇರಿಸುತ್ತಾರೆ. ಹಿಂಭಾಗ ಮಾತ್ರ ವಿಕಿರಣಕ್ಕೆ ಸಿಕ್ಕಿ ಬೆಳವಣಿಗೆ ಕುಂಠಿತವಾಗಿ, ಮುಂಭಾಗ ಬೆಳೆಯುತ್ತ ಹೋದರೆ ಬೆನ್ನು ಡೊಂಕಾಗುತ್ತದೆ. ಮಗುವಿನ ಎತ್ತರ ಸ್ವಲ್ಪ ಕಡಿಮೆಯಾದರೂ ಬೆನ್ನು ನೆಟ್ಟಗಿರಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಬೋಸ್ಟನ್ನಿನ ವೈದ್ಯರು 59 ಮಂದಿ ಮೆಡುಲ್ಲೋಬ್ಲಾಸ್ಟೋಮ ರೋಗಿಗಳನ್ನು ಅನುಸರಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಐದು ವರ್ಷಗಳ ಬಳಿಕ ಶೇ 83ರಷ್ಟು ರೋಗಿಗಳು ಬದುಕಿದ್ದರು. ಇದು ಎಕ್ಸ್-ಕಿರಣ ಚಿಕಿತ್ಸೆಯ ಫಲಿತಾಂಶಕ್ಕೆ ಸಮಾನ. ಆದರೆ ಹೃದಯ, ಶ್ವಾಸಕೋಶ, ಜೀರ್ಣಾಂಗಗಳ ದೀರ್ಘಕಾಲೀನ ತೊಂದರೆ ಅವರಲ್ಲಿ ಕಾಣಿಸಿರಲಿಲ್ಲ. ಹಾಗೆಂದು ಪರಿಣಾಮಗಳೇ ಇರಲಿಲ್ಲವೆಂದಲ್ಲ: ತೀವ್ರವಾದ ಶ್ರವಣದೋಷ ಶೇ 16ರಷ್ಟು ರೋಗಿಗಳಲ್ಲಿತ್ತು.

ಪ್ರಾಸ್ಟೇಟ್ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗಳಿಗೂ ಇದು ಉತ್ತಮವೇ?

ಇಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ ಅತಿ ಹೆಚ್ಚು ಜನರಿಗೆ ಪ್ರೋಟಾನ್ ಕೊಟ್ಟ ಕಾಯಿಲೆಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಒಂದು. ಆದರೂ 450 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಪ್ರೋಟಾನನ್ನು ಐಎಂಆರ್‌ಟಿ ಎಂಬ ಆಧುನಿಕ ಎಕ್ಸ್-ಕಿರಣ ವಿಧಾನದ ಜೊತೆ ಹೋಲಿಸಿದ ಅಧ್ಯಯನದ ಫಲಿತಾಂಶ 2024ರಲ್ಲಿ ಬಂದಾಗ, ಎರಡು ವರ್ಷಗಳ ಬಳಿಕ ಕರುಳಿನ ತೊಂದರೆಯಲ್ಲಾಗಲೀ ರೋಗದ ಹತೋಟಿಯಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳು ಚೆನ್ನಾಗಿಯೇ ಇದ್ದವು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ 2018ರಲ್ಲಿ ಪ್ರಕಟವಾದ ಅಂಥದೇ ಹೋಲಿಕೆಯೂ ಪ್ರೋಟಾನಿನ ಮೇಲುಗೈಯನ್ನು ತೋರಿಸಲಿಲ್ಲ. ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಜಮೀನು ಅಡವಿಟ್ಟು ಪ್ರೋಟಾನ್ ಮಾಡಿಸುವುದಕ್ಕೆ ವೈದ್ಯಕೀಯ ಆಧಾರವಿಲ್ಲ.

ಸ್ತನ ಕ್ಯಾನ್ಸರ್‌ನಲ್ಲಿ, ಎಡಭಾಗದ ಗಡ್ಡೆಯಿದ್ದು, ಎದೆಮೂಳೆಯ ಹಿಂದಿನ ದುಗ್ಧಗ್ರಂಥಿಗಳಿಗೂ ವಿಕಿರಣ ಬೇಕಾದಾಗ ಹೃದಯವನ್ನು ಉಳಿಸಿಕೊಳ್ಳುವ ಉದ್ದೇಶದಿಂದ ಇದನ್ನು ಯೋಚಿಸುತ್ತಾರೆ. ಆದರೆ ಉಸಿರು ಬಿಗಿಹಿಡಿದು ಎಕ್ಸ್-ಕಿರಣ ಕೊಡುವ ವಿಧಾನದಿಂದಲೇ ಹೆಚ್ಚಿನ ಮಹಿಳೆಯರಲ್ಲಿ ಹೃದಯ ಸಾಕಷ್ಟು ಪಾರಾಗುತ್ತದೆ.

ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗೆ?

ತಂಬಾಕು, ಗುಟ್ಕಾಗಳ ದೆಸೆಯಿಂದ ನಮ್ಮಲ್ಲಿ ಈ ಕ್ಯಾನ್ಸರ್‌ಗಳು ಹೆಚ್ಚು. ಆದ್ದರಿಂದ ಈ ಪ್ರಶ್ನೆ ಸಹಜ. ಗಂಟಲಿನ ಮೇಲ್ಭಾಗದ, ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್‌ನಲ್ಲಿ ಪ್ರೋಟಾನ್ ಪಡೆದವರಿಗೆ ರೋಗದ ಹತೋಟಿ ಐಎಂಆರ್‌ಟಿಗೆ ಕಡಿಮೆಯಿಲ್ಲದಂತೆ ಸಿಕ್ಕಿ, ಊಟಕ್ಕೆ ನಳಿಕೆ ಹಾಕಿಸಿಕೊಳ್ಳಬೇಕಾಗಿ ಬಂದವರ ಪ್ರಮಾಣ ಕಡಿಮೆಯಿತ್ತು ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2024ರಲ್ಲಿ ವರದಿ ಮಾಡಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕೆನ್ನೆಯ ಒಳಭಾಗದ ಕ್ಯಾನ್ಸರ್‌ಗೆ ಮಾತ್ರ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ಆಮೇಲಿನ ವಿಕಿರಣ ಹಲವರಲ್ಲಿ ಒಂದೇ ಬದಿಗೆ ಸಾಕಾಗುವುದರಿಂದ ಐಎಂಆರ್‌ಟಿಯಲ್ಲೂ ಇನ್ನೊಂದು ಬದಿಯ ಜೊಲ್ಲುಗ್ರಂಥಿಗಳನ್ನು ಉಳಿಸಿಕೊಳ್ಳಬಹುದು. ಮೂಗಿನ ಸೈನಸ್‌ಗಳಲ್ಲಿ, ಕಣ್ಣಿಗೆ ಹತ್ತಿರ ಬೆಳೆದ ಗಡ್ಡೆಗಳ ಲೆಕ್ಕ ಬೇರೆ; ಅಲ್ಲಿ ಪ್ರೋಟಾನಿನ ಪ್ರಯೋಜನ ಹೆಚ್ಚು.

ಯಾರಿಗೆ ಇದು ಸೂಕ್ತವಲ್ಲ?

ರಕ್ತದ ಕ್ಯಾನ್ಸರ್‌ಗೂ, ಮೈಯ ಹಲವು ಕಡೆ ಹರಡಿದ ಕ್ಯಾನ್ಸರ್‌ಗೂ ಸಾಮಾನ್ಯವಾಗಿ ಇದು ಚಿಕಿತ್ಸೆಯಲ್ಲ. ಒಂದು ಜಾಗಕ್ಕೆ ಗುರಿಯಿಟ್ಟು ಕೊಡುವುದೇ ಇದರ ಸ್ವರೂಪ. ಮೂಳೆನೋವು ತಗ್ಗಿಸಲು ಕೊಡುವ ಒಂದೆರಡು ದಿನಗಳ ವಿಕಿರಣಕ್ಕೆ ಎಕ್ಸ್-ಕಿರಣವೇ ಸಾಕು.

ಭಾರತದಲ್ಲಿ ಈ ಚಿಕಿತ್ಸೆ ಎಲ್ಲಿ ಲಭ್ಯವಿದೆ?

ಚೆನ್ನೈನ ತರಮಣಿಯಲ್ಲಿರುವ ಅಪೋಲೊ ಪ್ರೋಟಾನ್ ಕ್ಯಾನ್ಸರ್ ಕೇಂದ್ರ 2019ರ ಜನವರಿಯಲ್ಲಿ ಉದ್ಘಾಟನೆಯಾಯಿತು. ದಕ್ಷಿಣ ಏಷ್ಯಾದಲ್ಲಿ ಅದು ಮೊದಲನೆಯದು. ಸಾರ್ವಜನಿಕ ವಲಯದಲ್ಲಿ ಟಾಟಾ ಸ್ಮಾರಕ ಕೇಂದ್ರವು ನವಿ ಮುಂಬೈನ ಖಾರ್ಘರ್‌ನಲ್ಲಿರುವ ತನ್ನ ಆಕ್ಟ್ರೆಕ್ ಆವರಣದಲ್ಲಿ 2023ರಲ್ಲಿ ಪ್ರೋಟಾನ್ ಚಿಕಿತ್ಸೆಯನ್ನು ಆರಂಭಿಸಿತು. ಕರ್ನಾಟಕದ ರೋಗಿಗಳು ಸಾಮಾನ್ಯವಾಗಿ ಈ ಎರಡರಲ್ಲಿ ಒಂದಕ್ಕೆ ಹೋಗುತ್ತಾರೆ: ಬೆಂಗಳೂರು, ಮೈಸೂರು, ಕೋಲಾರದ ಕಡೆಯವರಿಗೆ ಚೆನ್ನೈ ಹತ್ತಿರ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಮುಂಬೈ ಪ್ರಯಾಣ ಅನುಕೂಲ. ಆಧುನಿಕ ಎಕ್ಸ್-ಕಿರಣ ಚಿಕಿತ್ಸೆಯಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೂ ಸೇರಿದಂತೆ ರಾಜ್ಯದ ಹಲವು ಕಡೆ ಸಿಗುತ್ತದೆ.

ಹೋಗಿಬರುವ ಖರ್ಚಿಗೆ ಸಂಬಂಧಿಸಿ ಒಂದು ಮಾತು: ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎಸಿಯಲ್ಲಿ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿಯಿದೆ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಕೇಳಿದರಷ್ಟೇ ಕೊಡುತ್ತಾರೆ, ಆದ್ದರಿಂದ ಕೇಳಿ.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಮೊದಲ ಕೆಲಸ ರೋಗಿ ಪ್ರತಿದಿನ ಒಂದೇ ಭಂಗಿಯಲ್ಲಿ ಅಲುಗಾಡದೆ ಮಲಗುವಂತೆ ಮಾಡುವುದು. ತಲೆ, ಕುತ್ತಿಗೆಯ ಗಡ್ಡೆಯಾದರೆ, ಬಿಸಿನೀರಿನಲ್ಲಿ ಮೆತ್ತಗಾದ ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ ಹಿಡಿಯುತ್ತಾರೆ. ಕೆಲವು ನಿಮಿಷಗಳಲ್ಲಿ ಅದು ಮುಖದ ಆಕಾರಕ್ಕೆ ಗಟ್ಟಿಯಾಗಿ ಮಾಸ್ಕ್ ಆಗುತ್ತದೆ. ಬಿಗಿಯೆನಿಸುತ್ತದೆ, ಆದರೆ ಉಸಿರಾಟಕ್ಕೆ ತೊಂದರೆಯಿಲ್ಲ. ಮಾಸ್ಕ್ ಹಾಕಿಯೇ ಸಿಟಿ ಸ್ಕ್ಯಾನ್, ಅಗತ್ಯವಿದ್ದರೆ ಎಂಆರ್‌ಐ ಮಾಡುತ್ತಾರೆ. ಆಮೇಲೆ ವೈದ್ಯರು ಸ್ಕ್ಯಾನಿನ ಪ್ರತಿ ಪದರದಲ್ಲೂ ಗಡ್ಡೆಯನ್ನೂ ಉಳಿಸಬೇಕಾದ ಅಂಗಗಳನ್ನೂ ಗೆರೆ ಎಳೆದು ಗುರುತಿಸುತ್ತಾರೆ. ಮೆಡಿಕಲ್ ಫಿಸಿಸಿಸ್ಟ್‌ಗಳು ಕಿರಣದ ದಿಕ್ಕು, ಶಕ್ತಿ, ಪ್ರಮಾಣಗಳ ಯೋಜನೆ ಸಿದ್ಧಪಡಿಸಿ, ರೋಗಿಯ ಮೇಲೆ ಪ್ರಯೋಗಿಸುವ ಮುನ್ನ ಯಂತ್ರದಲ್ಲಿ ಅಳೆದು ಪರೀಕ್ಷಿಸುತ್ತಾರೆ. ಇದಕ್ಕೆ ಒಂದೆರಡು ವಾರ ಹಿಡಿಯಬಹುದು.

ಚಿಕಿತ್ಸೆ ವಾರಕ್ಕೆ ಐದು ದಿನ, ಸಾಮಾನ್ಯವಾಗಿ ನಾಲ್ಕರಿಂದ ಏಳು ವಾರ ನಡೆಯುತ್ತದೆ. ಕೋಣೆಯಲ್ಲಿ ರೋಗಿಗೆ ಕಾಣುವುದು ಒಂದು ಮಂಚ ಮತ್ತು ಸುತ್ತ ತಿರುಗುವ ಕಿರಣದ ಮೂತಿ. ಗೋಡೆಯ ಹಿಂದೆ ಅದನ್ನು ಹೊತ್ತು ತಿರುಗಿಸುವ, ಮೂರು ಮಹಡಿಯಷ್ಟು ಎತ್ತರದ, ನೂರು ಟನ್ನಿಗೂ ಹೆಚ್ಚು ತೂಕದ ಗ್ಯಾಂಟ್ರಿ ಇರುತ್ತದೆ ಎಂಬುದು ಒಳಗಿದ್ದವರಿಗೆ ತಿಳಿಯುವುದೇ ಇಲ್ಲ. ಇಂದಿನ ಕೇಂದ್ರಗಳಲ್ಲಿ ಪೆನ್ಸಿಲ್ ಮೊನೆಯಷ್ಟು ತೆಳುವಾದ ಕಿರಣವನ್ನು ಕಾಂತಗಳಿಂದ ಅತ್ತಿತ್ತ ಸರಿಸುತ್ತ, ಗಡ್ಡೆಯ ದೂರದ ಪದರದಿಂದ ಹತ್ತಿರದ ಪದರದವರೆಗೆ ಚುಕ್ಕೆ ಚುಕ್ಕೆಯಾಗಿ ತುಂಬುತ್ತಾರೆ. ಕಿರಣ ಬರುವುದು ಒಂದೆರಡು ನಿಮಿಷ ಮಾತ್ರ. ಉಳಿದ ಅರ್ಧ ಗಂಟೆಯೆಲ್ಲ ರೋಗಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾದ ಜಾಗಕ್ಕೆ ತರುವುದಕ್ಕೇ ಹೋಗುತ್ತದೆ. ಅಲುಗಾಡದೆ ಮಲಗಲಾರದ ಚಿಕ್ಕ ಮಕ್ಕಳಿಗೆ ಪ್ರತಿದಿನ ಅರಿವಳಿಕೆ ಕೊಡುತ್ತಾರೆ. ಬೆಳಗ್ಗೆ ಎದ್ದ ಮಗುವನ್ನು ಹಸಿದ ಹೊಟ್ಟೆಯಲ್ಲಿ ಕರೆತರಬೇಕಾದ್ದರಿಂದ ಬೆಳಗಿನ ಮೊದಲ ಸರದಿಯನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ನೋವಾಗುತ್ತದೆಯೇ? ಮನೆಗೆ ಬಂದ ಮೇಲೆ ಮಕ್ಕಳನ್ನು ಮುಟ್ಟಬಹುದೇ?

ನೋವಾಗುವುದಿಲ್ಲ. ಕಿರಣ ತಾಗಿದ ಜಾಗದಲ್ಲಿ ಅಲ್ಪಾಯುಷಿಯಾದ ವಿಕಿರಣಶೀಲ ಪರಮಾಣುಗಳು ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ, ಆದರೆ ಅವು ನಿಮಿಷಗಳಲ್ಲಿ ಕ್ಷಯಿಸುತ್ತವೆ. ಮನೆಯ ಮಕ್ಕಳಿಗೂ ಗರ್ಭಿಣಿಯರಿಗೂ ಯಾವ ಅಪಾಯವಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯ ಖಂಡಿತ ಇಲ್ಲ.

ಅಡ್ಡ ಪರಿಣಾಮಗಳು ಇರುವುದೇ ಇಲ್ಲವೇ?

ಇರುತ್ತವೆ. ಆಯಾಸ, ಕಿರಣ ಹೋದ ದಾರಿಯಲ್ಲಿ ಕೂದಲು ಉದುರುವುದು, ಗಂಟಲಿನ ಚಿಕಿತ್ಸೆಯಲ್ಲಿ ಬಾಯಿಹುಣ್ಣು ಸಾಮಾನ್ಯ. ಚರ್ಮ ಕೆಂಪಾಗುವುದು ಕೆಲವೊಮ್ಮೆ ಎಕ್ಸ್-ಕಿರಣಕ್ಕಿಂತ ಹೆಚ್ಚೇ ಇರಬಹುದು, ಏಕೆಂದರೆ ಹೆಚ್ಚು ಶಕ್ತಿಯ ಎಕ್ಸ್-ಕಿರಣ ಚರ್ಮದ ಮೇಲ್ಪದರವನ್ನು ಬಹುಮಟ್ಟಿಗೆ ಬಿಟ್ಟು ಒಳಗೆ ಹೋಗುತ್ತದೆ. ಪ್ರೋಟಾನಿಗೆ ಆ ಗುಣವಿಲ್ಲ. ತಿಂಗಳು ವರ್ಷಗಳ ಬಳಿಕ, ಗಡ್ಡೆಯ ಪಕ್ಕದ ಮಿದುಳಿನ ಅಂಗಾಂಶಕ್ಕೆ ಹಾನಿಯಾಗುವ ಸಾಧ್ಯತೆ ಸಣ್ಣದಾದರೂ ಇದೆ. ಪ್ರೋಟಾನ್ ನಿಲ್ಲುವ ತುದಿಯಲ್ಲಿ ಅದರ ಜೈವಿಕ ಪರಿಣಾಮ 1.1ಕ್ಕಿಂತ ಹೆಚ್ಚಿರುವುದರಿಂದ, ಅನುಭವಿ ತಂಡಗಳು ಎಲ್ಲ ಕಿರಣಗಳ ತುದಿಯೂ ಮಿದುಳುಕಾಂಡದಲ್ಲಿ ಬಂದು ನಿಲ್ಲದಂತೆ ದಿಕ್ಕುಗಳನ್ನು ಆರಿಸುತ್ತವೆ.

ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಸ್ಕ್ಯಾನ್ ಏಕೆ ಮಾಡುತ್ತಾರೆ?

ನಿಗದಿತ ಆಳದಲ್ಲಿ ನಿಲ್ಲುವುದು ಪ್ರೋಟಾನಿನ ಗುಣವೂ ಹೌದು, ಅದರ ದೌರ್ಬಲ್ಯವೂ ಹೌದು. ಕಿರಣದ ದಾರಿಯಲ್ಲಿ ಸ್ನಾಯು, ಮೂಳೆ, ಗಾಳಿ ಎಷ್ಟಿದೆ ಎಂಬ ಲೆಕ್ಕದ ಮೇಲೆ ಅದು ನಿಲ್ಲುವ ಜಾಗ ನಿರ್ಧಾರವಾಗಿರುತ್ತದೆ. ರೋಗಿಯ ತೂಕ ಇಳಿದರೆ, ನೆಗಡಿಯಾಗಿ ಸೈನಸ್ ತುಂಬಿಕೊಂಡರೆ, ಕರುಳಿನಲ್ಲಿ ಗಾಳಿ ಸೇರಿದರೆ, ಗಡ್ಡೆ ಕುಗ್ಗಿದರೆ ಆ ಲೆಕ್ಕ ತಪ್ಪಿ ಕಿರಣ ಮುಂದೆಯೋ ಹಿಂದೆಯೋ ನಿಲ್ಲುತ್ತದೆ. ಎಕ್ಸ್-ಕಿರಣದಲ್ಲಿ ಇಂಥ ಬದಲಾವಣೆಯಿಂದ ಅಷ್ಟು ವ್ಯತ್ಯಾಸವಾಗುವುದಿಲ್ಲ. ಮರುಸ್ಕ್ಯಾನ್ ಮಾಡಿ ಯೋಜನೆಯನ್ನು ಬದಲಿಸಿದರೆ ಏನೋ ತಪ್ಪಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಮಾಡದಿದ್ದರೆ ಏಕೆ ಮಾಡಲಿಲ್ಲ ಎಂದು ಕೇಳಬೇಕು.

ಇದೇ ಕಾರಣಕ್ಕೆ ಮೈಯಲ್ಲಿರುವ ಲೋಹವೂ ತೊಡಕಾಗುತ್ತದೆ. ಬೆನ್ನುಮೂಳೆಯ ಗಡ್ಡೆಗೆ ಶಸ್ತ್ರಕ್ರಿಯೆ ಮಾಡಿ ಟೈಟಾನಿಯಂ ಸ್ಕ್ರೂ, ಸರಳು ಹಾಕುವ ಮುನ್ನವೇ ಮುಂದೆ ಪ್ರೋಟಾನ್ ಬೇಕಾಗಬಹುದೆಂದು ತಿಳಿದಿದ್ದರೆ ಕಾರ್ಬನ್ ನಾರಿನ ಸಾಧನಗಳನ್ನು ಬಳಸುವ ಆಯ್ಕೆಯಿದೆ. ಹೀಗಾಗಿ ಶಸ್ತ್ರವೈದ್ಯರೊಂದಿಗೆ ಈ ಮಾತು ಆಪರೇಷನ್ನಿಗೆ ಮೊದಲೇ ಆಗಬೇಕು.

ಖರ್ಚು ಏಕೆ ಇಷ್ಟೊಂದು? ನೆರವು ಸಿಗುತ್ತದೆಯೇ?

ನೂರಾರು ಟನ್ ತೂಕದ ಯಂತ್ರ, ಅದನ್ನು ಸುತ್ತುವರಿದ ಮೀಟರುಗಟ್ಟಲೆ ದಪ್ಪದ ಕಾಂಕ್ರೀಟ್ ಗೋಡೆ, ಹಗಲಿರುಳು ಕಾಯುವ ಎಂಜಿನಿಯರುಗಳು, ಇವೆಲ್ಲ ಸೇರಿ ಖಾಸಗಿ ಕೇಂದ್ರದಲ್ಲಿ ಪೂರ್ಣ ಚಿಕಿತ್ಸೆಯ ವೆಚ್ಚ ಹತ್ತಾರು ಲಕ್ಷ ರೂಪಾಯಿ ಆಗುತ್ತದೆ. ಅದರ ಮೇಲೆ ಒಂದೂವರೆ ಎರಡು ತಿಂಗಳು ಪರವೂರಿನಲ್ಲಿ ಮನೆ ಮಾಡಿಕೊಂಡಿರುವ ಖರ್ಚು ಬೇರೆ. ವಿಮೆಯಿದ್ದರೆ ಪ್ರೋಟಾನ್‌ಗೆ ಒಪ್ಪಿಗೆಯಿದೆಯೇ, ಮಿತಿಯೆಷ್ಟು ಎಂಬುದನ್ನು ಫೋನಿನಲ್ಲಿ ಕೇಳಿ ಸುಮ್ಮನಾಗದೆ ಲಿಖಿತವಾಗಿ ಪಡೆಯಬೇಕು. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೆ ಅರ್ಜಿ ಹಾಕಬಹುದು; ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರು ಆ ಕಾಗದಪತ್ರಗಳನ್ನು ಹೊಂದಿಸಲು ನೆರವಾಗುತ್ತಾರೆ. ಅವರನ್ನು ಕೊನೆಗಲ್ಲ, ಮೊದಲ ದಿನವೇ ಕಾಣಬೇಕು.

ಹಣ ಅಥವಾ ಸರದಿಗಾಗಿ ಕಾಯುವುದು ಸರಿಯೇ?

ಬಹಳ ಸಲ ಸರಿಯಲ್ಲ. ಮೆಡುಲ್ಲೋಬ್ಲಾಸ್ಟೋಮದಲ್ಲಿ ಶಸ್ತ್ರಕ್ರಿಯೆಯಾದ ನಾಲ್ಕರಿಂದ ಆರು ವಾರದೊಳಗೆ ವಿಕಿರಣ ಆರಂಭವಾಗಬೇಕು; ತಡವಾದಷ್ಟೂ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ. ಬಾಯಿ ಕ್ಯಾನ್ಸರ್‌ನಲ್ಲೂ ಆಪರೇಷನ್ನಿನ ನಂತರದ ಗಡುವು ಸುಮಾರು ಆರು ವಾರ. ಮುಂದೆಂದೋ ಬರಬಹುದಾದ ತೊಂದರೆಯನ್ನು ತಪ್ಪಿಸಲು ಹೋಗಿ ಇಂದಿನ ರೋಗಕ್ಕೆ ಎರಡು ತಿಂಗಳ ಬಿಡುವು ಕೊಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಸಮಯಕ್ಕೆ ಸರಿಯಾಗಿ, ಊರಿಗೆ ಹತ್ತಿರದಲ್ಲಿ, ಅನುಭವಿ ತಂಡದಿಂದ ಸಿಗುವ ಐಎಂಆರ್‌ಟಿ ಎರಡನೆಯ ದರ್ಜೆಯ ಚಿಕಿತ್ಸೆಯಲ್ಲ. ಅದನ್ನು ಕೊಡಿಸಿದ ತಂದೆತಾಯಿ ಮಗುವಿಗೆ ಏನೋ ಕಡಿಮೆ ಮಾಡಿದೆವೆಂದು ಕೊರಗಬೇಕಾಗಿಲ್ಲ.

ವೈದ್ಯರನ್ನು ಏನು ಕೇಳಬೇಕು?

‘ಪ್ರೋಟಾನ್ ಒಳ್ಳೆಯದೇ?’ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಅದರ ಬದಲು, ಈ ಗಡ್ಡೆಯ ಹಿಂದೆ ಯಾವ ಅಂಗವಿದೆ, ಎಕ್ಸ್-ಕಿರಣದಲ್ಲಿ ಅದಕ್ಕೆ ಎಷ್ಟು ಡೋಸ್ ಬೀಳುತ್ತದೆ, ಪ್ರೋಟಾನಿನಲ್ಲಿ ಎಷ್ಟು, ಆ ವ್ಯತ್ಯಾಸದಿಂದ ಈ ರೋಗಿಗೆ ಆಗುವ ಪ್ರಯೋಜನವೇನು ಎಂದು ಕೇಳಬೇಕು. ಸಾಧ್ಯವಾದರೆ ಎರಡೂ ಬಗೆಯ ಯೋಜನೆಗಳನ್ನು ಹೋಲಿಸಿ ತೋರಿಸಲು ಕೋರಬಹುದು. ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಬಯಾಪ್ಸಿ ವರದಿಯ ಜೊತೆ ಗಡ್ಡೆಯ ತುಣುಕಿರುವ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ, ಸ್ಕ್ಯಾನಿನ ಫಿಲ್ಮ್ ಅಲ್ಲದೆ ಸಿ.ಡಿ.ಯನ್ನೂ, ಆಪರೇಷನ್ ಟಿಪ್ಪಣಿಯನ್ನೂ ಒಯ್ಯಬೇಕು.

ಚಿಕಿತ್ಸೆ ಮುಗಿದ ಮೇಲೆ?

ಗಡ್ಡೆ ಕೂಡಲೇ ಮಾಯವಾಗುವುದಿಲ್ಲ. ಕಾರ್ಡೋಮದಂಥವು ಕುಗ್ಗದೆ ವರ್ಷಗಟ್ಟಲೆ ಹಾಗೆಯೇ ನಿಂತಿರಬಹುದು, ಬೆಳೆಯದಿರುವುದೇ ಅಲ್ಲಿ ಯಶಸ್ಸು. ಮಿದುಳಿಗೆ ಚಿಕಿತ್ಸೆ ಪಡೆದ ಮಕ್ಕಳಿಗೆ ಸ್ಕ್ಯಾನಿನ ಜೊತೆಗೆ ಶ್ರವಣ, ಹಾರ್ಮೋನ್, ಎತ್ತರ ಮತ್ತು ಕಲಿಕೆಯ ತಪಾಸಣೆ ಹಲವು ವರ್ಷ ನಡೆಯಬೇಕು, ಶಾಲೆಗೂ ವಿಷಯ ತಿಳಿದಿರಬೇಕು. ಊರಿಗೆ ಹೊರಡುವ ಮುನ್ನ ಚಿಕಿತ್ಸೆಯ ಸಾರಾಂಶ ಪತ್ರವನ್ನೂ ಡೋಸ್ ಯೋಜನೆಯ ಪೂರ್ಣ ಪ್ರತಿಯನ್ನೂ ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಪಡೆದುಕೊಳ್ಳಿ. ಹತ್ತು ವರ್ಷಗಳ ಬಳಿಕ ಅದೇ ಜಾಗಕ್ಕೆ ಮತ್ತೆ ವಿಕಿರಣ ಬೇಕಾದರೆ, ಎಲ್ಲಿಗೆ ಎಷ್ಟು ಬಿದ್ದಿತ್ತು ಎಂಬ ಆ ದಾಖಲೆಯಿಲ್ಲದೆ ಯಾವ ವೈದ್ಯರೂ ಧೈರ್ಯವಾಗಿ ಮುಂದುವರಿಯಲಾರರು.